ಶರದೃತುವಿನಲ್ಲಿ ಅಂಗನವಾಡಿ ಮಕ್ಕಳ ಕೈಕೆಲಸ: ಗ್ರಾಮ ಪಂಚಾಯಿತಿಗಳ ಹೊಣೆ

(ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಭಾದ್ರಪದ ಕಳೆದು ಆಶ್ವಯುಜ ಕಾಲಿಡುವ ಹೊತ್ತಿಗೆ ಈ ಮೂರು ತಾಲೂಕುಗಳ ಹೊಲಗಳಲ್ಲಿ ಎರಡು ಹಂಗಾಮುಗಳ ಕೆಲಸ ಒಟ್ಟಿಗೆ ಕೂಡುತ್ತದೆ. ಒಂದೆಡೆ ಈರುಳ್ಳಿ ಕೀಳುವುದು, ಗೋವಿನಜೋಳದ ತೆನೆ ಮುರಿಯುವುದು, ಹತ್ತಿ ಬಿಡಿಸುವುದು. ಇನ್ನೊಂದೆಡೆ ಹಿಂಗಾರಿನ ಕಡಲೆ, ಬಿಳಿಜೋಳ, ಕುಸುಬೆಗಳ ಬಿತ್ತನೆ. ಮನೆಯ ಹೆಣ್ಣುಮಕ್ಕಳು ಬೆಳಗಾಗುತ್ತಲೇ ಹೊಲಕ್ಕೆ ಹೋಗುವ ಕಾಲವಿದು. ಆಗ ಮೂರು ವರ್ಷದ ಮಗು ಎಲ್ಲಿರುತ್ತದೆ? ಹೊಲದ ಬದುವಿನ ಮೇಲೆ, ಶಾಲೆ ಬಿಟ್ಟು ಮನೆಯಲ್ಲುಳಿದ ಅಕ್ಕನ ಕಂಕುಳಲ್ಲಿ, ಇಲ್ಲವೇ ಅಂಗನವಾಡಿಯಲ್ಲಿ. ಬದುವಿನ ಮೇಲಿದ್ದರೆ ಮಗುವಿಗೆ ಅಪಾಯ. ಅಕ್ಕನ ಬಳಿಯಿದ್ದರೆ ಅವಳ ಓದಿಗೆ ನಷ್ಟ. ಅಂಗನವಾಡಿಗೆ ಮಗು ತಾನಾಗಿ ಓಡಿ ಬರಬೇಕಾದರೆ ಅಲ್ಲಿ ಹೊಟ್ಟೆಗೆ ಊಟದಂತೆ ಕೈಗೆ ಕೆಲಸವೂ ಇರಬೇಕು.

ಹೊಣೆಯ ಆಧಾರ

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 25ನೆಯ ವಿಷಯ ‘ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ’. 2002ರ 86ನೆಯ ತಿದ್ದುಪಡಿಯ ನಂತರ 45ನೆಯ ಅನುಚ್ಛೇದವು ಆರು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳ ಆರೈಕೆ ಹಾಗೂ ಶಿಕ್ಷಣಕ್ಕೆ ರಾಜ್ಯವು ಯತ್ನಿಸಬೇಕೆಂದು ಹೇಳುತ್ತದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆಯಲ್ಲಿ ಪೂರಕ ಪೌಷ್ಟಿಕ ಆಹಾರದಂತೆಯೇ ಶಾಲಾಪೂರ್ವ ಶಿಕ್ಷಣವೂ ಮೊದಲಿನಿಂದಲೇ ಒಂದು ಸೇವೆಯಾಗಿದೆ. ರಾಜ್ಯದ 2023-24ರ ಆಯವ್ಯಯದಲ್ಲಿ ಘೋಷಿತವಾದ ‘ಕೂಸಿನ ಮನೆ’ಯಂತೂ ಮೂರು ವರ್ಷದೊಳಗಿನ ಮಕ್ಕಳ ಆರೈಕೆಯನ್ನು ಗ್ರಾಮ ಪಂಚಾಯಿತಿಯ ಅಂಗಳಕ್ಕೇ ತಂದಿದೆ.

‘ಅಂಗನವಾಡಿ’ ಎಂಬ ಕಲ್ಪನೆಗೂ ಒಂದು ಇತಿಹಾಸವಿದೆ. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಮಾಂಟೆಸ್ಸರಿ ಪದ್ಧತಿಯ ದುಬಾರಿ ಸಾಮಗ್ರಿ ಹಳ್ಳಿಗೆ ಎಟುಕದೆಂದು ಅರಿತು, ಸುತ್ತಮುತ್ತ ಸಿಗುವ ವಸ್ತುಗಳನ್ನೇ ಅವರು ಕಲಿಕೆಯ ಸಾಧನಗಳನ್ನಾಗಿ ಮಾಡಿದರು. ಬಣ್ಣದ ಕಾಗದವನ್ನೂ ಪ್ಲಾಸ್ಟಿಕ್ ಆಟಿಕೆಗಳನ್ನೂ ಖರೀದಿಸಿದ ಮೇಲಷ್ಟೇ ಕೈಕೆಲಸ ಸಾಧ್ಯವೆಂಬ ತಿಳಿವಳಿಕೆಗೆ ಅಂದೇ ಉತ್ತರ ದೊರೆತಿದೆ.

ಕೈಯಿಂದ ಅಕ್ಷರಕ್ಕೆ

ಮಗುವಿಗೆ ಬೇಗ ಅಕ್ಷರ ಬರೆಯಿಸಬೇಕೆಂದು ತಂದೆತಾಯಿ ಒತ್ತಾಯಿಸುವುದು ಸಹಜ. ಆದರೆ ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಂಟು ಎಲುಬುಗಳ ಪೈಕಿ ಹೆಚ್ಚಿನವು ಇನ್ನೂ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಮಣ್ಣನ್ನು ಹಿಚುಕುವಾಗ, ಎಲೆಯನ್ನು ಹರಿಯುವಾಗ, ಬತ್ತಿ ಹೊಸೆಯುವಾಗ ಬೆರಳುಗಳಿಗೆ ಬಲ ಬರುತ್ತದೆ. ಹೆಬ್ಬೆರಳು ಮತ್ತು ಎರಡು ಬೆರಳುಗಳ ಹಿಡಿತ ಗಟ್ಟಿಯಾಗುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದು ಇದೇ ಹಿಡಿತದಿಂದ. ಹತ್ತು ಉಂಡೆ ಮಾಡಿ ಸಾಲಾಗಿ ಇಟ್ಟ ಮಗು ಎಣಿಕೆಯನ್ನೂ, ದೊಡ್ಡದು-ಸಣ್ಣದು ಎಂಬ ಭೇದವನ್ನೂ ಕಲಿತಿರುತ್ತದೆ.

ತಾಂಡಾದಿಂದ ಬರುವ ಮಗುವಿಗೆ ಮನೆಯ ಮಾತು ಲಂಬಾಣಿ. ಇನ್ನು ಕೆಲವು ಮನೆಗಳಲ್ಲಿ ಉರ್ದು. ಕನ್ನಡದ ಪದ್ಯಕ್ಕೆ ಬಾಯಿ ತೆರೆಯಲು ಹಿಂಜರಿಯುವ ಮಗುವೂ ಮಣ್ಣಿನ ಉಂಡೆಯ ಮುಂದೆ ಉಳಿದವರಿಗೆ ಸಮನಾಗಿ ಕುಳಿತುಕೊಳ್ಳುತ್ತದೆ. ತಾನು ಮಾಡಿದ್ದನ್ನು ತೋರಿಸಲು ಹೋಗಿ ಮಾತನ್ನೂ ಕಲಿಯುತ್ತದೆ.

ಋತುವೇ ಕೊಡುವ ಸಾಮಗ್ರಿ

ಈ ಭಾಗದಲ್ಲಿ ವರ್ಷಕ್ಕೆ ಐದು ಮಣ್ಣಿನ ಪೂಜೆಗಳನ್ನು ಎಣಿಸುವ ರೂಢಿಯಿದೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ. ಜೋಕುಮಾರನ ಬುಟ್ಟಿ ಮನೆಮನೆಗೆ ಬಂದುಹೋಗುವಷ್ಟರಲ್ಲಿ ಮಕ್ಕಳ ಕಣ್ಣು ಮಣ್ಣಿನ ರೂಪಗಳಿಗೆ ಪಳಗಿರುತ್ತದೆ. ಶರದೃತುವಿನ ಕೈಕೆಲಸ ಅಲ್ಲಿಂದಲೇ ಮುಂದುವರಿಯಬಹುದು. ನರಗುಂದದ ಎರೆಮಣ್ಣು ಒಣಗಿದಂತೆ ಕುಗ್ಗಿ ಬಿರಿಯುವುದರಿಂದ ಅದಕ್ಕೆ ಜರಡಿ ಹಿಡಿದ ಮರಳನ್ನು ಅಥವಾ ನುಣ್ಣನೆಯ ಹೊಟ್ಟನ್ನು ಬೆರೆಸಿ ಒಂದು ದಿನ ನೆನೆಸಿಡಬೇಕು. ಮೂರು ವರ್ಷದ ಮಗು ಹಿಚುಕಲಿ, ನಾಲ್ಕು ವರ್ಷದ್ದು ಉಂಡೆ ಕಟ್ಟಲಿ, ಐದು ವರ್ಷದ್ದು ಎತ್ತು, ಬಂಡಿ, ಬೀಸುವ ಕಲ್ಲು ಮಾಡಲಿ.

ಮಹಾನವಮಿಯಲ್ಲಿ ಬನ್ನಿಯ ಎಲೆ ಮತ್ತು ಚೆಂಡು ಹೂವು ಎಲ್ಲೆಡೆ ದೊರೆಯುತ್ತವೆ. ಎಲೆಗಳನ್ನು ಆಕಾರದಂತೆ ವಿಂಗಡಿಸುವುದು, ಹೂವಿನ ಎಸಳುಗಳನ್ನು ನೆಲದ ಮೇಲಿನ ಸುಣ್ಣದ ಗೆರೆಯೊಳಗೆ ತುಂಬುವುದು ಒಂದು ಬೆಳಗಿನ ಕೆಲಸ. ಗೋವಿನಜೋಳದ ತೆನೆಯ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಮಡಿಚಿ, ಕಟ್ಟಿದರೆ ಗೊಂಬೆಯಾಗುತ್ತದೆ. ಈರುಳ್ಳಿಯ ಒಣ ಸಿಪ್ಪೆಯನ್ನು ಸಹಾಯಕಿಯರು ಕುದಿಸಿ ಆರಿಸಿದರೆ ಅರಿಶಿನ-ಕಂದು ಬಣ್ಣದ ನೀರು ಸಿದ್ಧ. ಬೆಂಡೆಕಾಯಿಯ ತುಂಡನ್ನು ಅದರಲ್ಲಿ ಅದ್ದಿ ಹಳೆಯ ಪತ್ರಿಕೆಯ ಮೇಲೆ ಒತ್ತಿದರೆ ಹೂವಿನ ಅಚ್ಚು. ದೀಪಾವಳಿಯ ಮುನ್ನ ಹತ್ತಿಯ ಬೀಜ ಬಿಡಿಸಿ ಬತ್ತಿ ಹೊಸೆಯುವುದನ್ನು ಅಜ್ಜಿಯರು ಬಂದು ಕಲಿಸಬಹುದು. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯ್ದ ಮಗ್ಗಗಳ ಪರಂಪರೆಯಿದೆ. ನೇಕಾರರ ಮನೆಯ ಉಳಿಕೆ ನೂಲನ್ನು ಗೇಣುದ್ದ ಕತ್ತರಿಸಿ ತಂದರೆ ಅದೂ ಸಾಮಗ್ರಿಯೇ. ತಾಂಡಾದ ತಾಯಂದಿರು ತಮ್ಮ ಕಸೂತಿಯನ್ನು ತಂದು ತೋರಿಸಿದ ದಿನ ಅವರ ಮಕ್ಕಳು ಅಂಗನವಾಡಿಯಲ್ಲಿ ತಲೆಯೆತ್ತಿ ಕುಳಿತಿರುತ್ತಾರೆ.

ಮರೆಯಬಾರದ ಎಚ್ಚರಿಕೆಗಳು

1. ಬಿತ್ತನೆಗೆಂದು ತಂದ ಬೀಜಕ್ಕೆ ಔಷಧ ಸವರಿರುತ್ತದೆ. ಕೆಂಪು, ಗುಲಾಬಿ ಅಥವಾ ಹಸಿರು ಬಣ್ಣದ ಆ ಬೀಜ ಮಕ್ಕಳ ಕಣ್ಣಿಗೆ ಮಿಠಾಯಿಯಂತೆ ಕಾಣುತ್ತದೆ. ಅಂತಹ ಬೀಜವಾಗಲಿ, ಕೀಟನಾಶಕದ ಖಾಲಿ ಡಬ್ಬಿ-ಚೀಲಗಳಾಗಲಿ ಕೇಂದ್ರದೊಳಗೆ ಬರಕೂಡದು. ಔಷಧ ಸಿಂಪಡಿಸಿದ ಹೊಲದ ಎಲೆ, ಹತ್ತಿಯೂ ಬೇಡ.

2. ಔಡಲ ಬೀಜ, ಗುಲಗಂಜಿ, ದತ್ತೂರಿ, ಕಣಗಿಲೆ, ಎಕ್ಕೆಯ ಹಾಲು ಇವೆಲ್ಲ ವಿಷ. ಗುಲಗಂಜಿ ಎಷ್ಟೇ ಚೆಂದವಿದ್ದರೂ ಎಣಿಕೆಯ ಆಟಕ್ಕೆ ಬಳಸಬಾರದು.

3. ಕೂಸಿನ ಮನೆಯ ಮಕ್ಕಳಿಗೆ ಕಡಲೆ, ಶೇಂಗಾ, ಹುಣಸೆ ಬೀಜ, ಗುಂಡಿ, ಮಣಿ ಕೊಡಲೇಬಾರದು. ಗಂಟಲಲ್ಲಿ ಸಿಕ್ಕಿದರೆ ಉಸಿರು ನಿಲ್ಲುತ್ತದೆ. ಅವರಿಗೆ ನಾದಿದ ಗೋಧಿಹಿಟ್ಟಿನ ಮುದ್ದೆ ಸಾಕು.

4. ಬಲಿಪಾಡ್ಯಮಿಯಂದು ಮನೆಗಳಲ್ಲಿ ಸಗಣಿಯ ಪಾಂಡವರನ್ನು ಮಾಡುತ್ತಾರೆ. ಅಂಗನವಾಡಿಯಲ್ಲಿ ಅದೇ ಆಕಾರಗಳನ್ನು ಶುದ್ಧ ಮಣ್ಣಿನಿಂದ ಮಾಡಿಸುವುದು ಆರೋಗ್ಯಕ್ಕೆ ಕ್ಷೇಮ. ಊಟಕ್ಕೆ ಮುನ್ನ ಪ್ರತಿ ಮಗುವಿನ ಕೈಯನ್ನೂ ಸಾಬೂನಿನಿಂದ ತೊಳೆಯಿಸಬೇಕು.

ಪಂಚಾಯಿತಿಯಿಂದ ಆಗಬೇಕಾದುದು

ಕಾರ್ಯಕರ್ತೆಯರ ಮೇಲೆ ದಾಖಲೆ, ತೂಕ, ಮನೆಭೇಟಿಗಳ ಭಾರ ಈಗಾಗಲೇ ಇದೆ. ಮಣ್ಣು ಹದ ಮಾಡುವ ಕೆಲಸವನ್ನೂ ಅವರೊಬ್ಬರ ಹೆಗಲಿಗೇರಿಸಿ ಛಾಯಾಚಿತ್ರ ಕೇಳುವುದು ನ್ಯಾಯವಲ್ಲ. ಸದಸ್ಯರು ತಮ್ಮ ವಾರ್ಡಿನ ಕೇಂದ್ರಕ್ಕೆ ಹಂಗಾಮಿನ ಆರಂಭದಲ್ಲಿ ನಾಲ್ಕು ಬುಟ್ಟಿ ಶುದ್ಧ ಮಣ್ಣನ್ನು ತಲುಪಿಸಬಹುದು. ಹೊರಗೆ ಕುಳಿತು ಕೆಲಸ ಮಾಡಲು ನೆರಳು, ಕೈ ತೊಳೆಯಲು ಮಕ್ಕಳ ಎತ್ತರಕ್ಕೆ ಒಂದು ನಲ್ಲಿ, ಸಾಮಗ್ರಿ ಇಡಲು ಮುಚ್ಚಳವಿರುವ ಒಂದು ಪೆಟ್ಟಿಗೆ: ಇವುಗಳನ್ನು ಸಾಮಾನ್ಯ ಸಭೆಯ ವಿಷಯಸೂಚಿಯಲ್ಲಿ ಸೇರಿಸಬಹುದು. ಬಾಲವಿಕಾಸ ಸಮಿತಿಯ ಸಭೆಗೆ ಕುಂಬಾರರನ್ನು, ನೇಕಾರರನ್ನು, ಅಜ್ಜಿಯರನ್ನು ಆಹ್ವಾನಿಸಬಹುದು. ನವೆಂಬರಿನ ಆಸುಪಾಸಿನಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ, ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಶಾಲೆ ತಪ್ಪಿಸಿದ ಮಕ್ಕಳು ಎಷ್ಟು ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ಕೇಂದ್ರಕ್ಕೆ ಭೇಟಿಯಿತ್ತಾಗ ಗೋಡೆಯ ಅಲಂಕಾರವನ್ನು ನೋಡಿ ಹಿಂದಿರುಗದೆ, ಒಂದು ಮಗುವಿನ ಪಕ್ಕದಲ್ಲಿ ಕುಳಿತು ‘ಇದೇನು ಮಾಡೀಯವ್ವಾ?’ ಎಂದು ಕೇಳುವುದು ಒಳ್ಳೆಯದು. ಎತ್ತಿಗೆ ಮೂರೇ ಕಾಲಿದ್ದರೂ ಅದು ಮಗು ತಾನೇ ಮಾಡಿದ ಎತ್ತು. ದೊಡ್ಡವರು ತಿದ್ದಿ ಚೆಂದಗೊಳಿಸಿದ ಗೊಂಬೆಗಿಂತ ಅದರ ಬೆಲೆ ಹೆಚ್ಚು. ಮರುದಿನ ಅದು ಒಣಗಿದೆಯೋ ಇಲ್ಲವೋ ಎಂದು ನೋಡಲು ಆ ಮಗು ಮತ್ತೆ ಅಂಗನವಾಡಿಗೆ ಬರುತ್ತದೆ. ಅದರ ಅಕ್ಕ ಶಾಲೆಗೆ ಹೋಗುತ್ತಾಳೆ. ತಾಯಿ ನಿಶ್ಚಿಂತೆಯಿಂದ ಹೊಲದಲ್ಲಿರುತ್ತಾಳೆ. ನಾಲ್ಕು ಬುಟ್ಟಿ ಮಣ್ಣಿನಿಂದ ಆಗುವ ಕೆಲಸವಿದು. ಈ ಹಿಂಗಾರಿನಲ್ಲಿಯೇ ಅದು ಆರಂಭವಾಗಲಿ.