ಕಡ್ಡಿಯ ಮೇಲಿರುವ ಕೆಲಸ



ಮುಗಿದ ಕೆಲಸವನ್ನು ಕುರಿತು ಮಾತನಾಡುವುದು ಲೋಕದ ರೂಢಿ. ನಾವು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿರುವುದು ಮುಗಿಯದಿರುವ ಕೆಲಸದ ವರದಿ. ಅಳ್ನಾವರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಬಿದಿರಿನ ಬುಟ್ಟಿಯುಂಟು. ಅದರಲ್ಲಿ ಮೂರು ಶಾಲುಗಳೂ ಒಂದು ತೋಳಿಲ್ಲದ ಸ್ವೆಟರೂ ಹೆಣಿಗೆಯ ಕಡ್ಡಿಗಳ ಮೇಲೆಯೇ ನಿಂತಿವೆ. ನಾವೆಂದರೆ ಅಕ್ಕತಂಗಿಯರಿಬ್ಬರು, ಮಾತು ಒಬ್ಬರದಾದರೂ ಕೆಲಸ ಇಬ್ಬರದು. ಅರ್ಧಕ್ಕೆ ನಿಂತ ನಾಲ್ಕು ಬಟ್ಟೆಗಳಲ್ಲಿ ಉಪನ್ಯಾಸಕ್ಕೆ ಒದಗುವ ವಿಷಯವೇನಿದೆಯೆಂದು ಕೇಳುವವರು ಇರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು.

ಅಳ್ನಾವರವು ಧಾರವಾಡ ಜಿಲ್ಲೆಯ ಪಡುವಣ ಅಂಚಿನ ಊರು. ಧಾರವಾಡದಿಂದ ಲೋಂಡೆಗೆ ಹೋಗುವ ರೈಲುದಾರಿ ಇಲ್ಲಿ ಹಾಯುತ್ತದೆ. ದಾಂಡೇಲಿಯ ಕಾಡಿನ ಕಡೆಗೆ ಒಂದು ಕವಲು ಇಲ್ಲಿಂದಲೇ ಒಡೆಯುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆಹೊಲದವರು ಮುಗಿಲನ್ನು ನೋಡುತ್ತ ಕುಳಿತಿರುವ ದಿನಗಳಲ್ಲಿ ನಮ್ಮ ಹಂಚಿನ ಮಾಡಿನಿಂದ ನೀರು ಇಳಿಯುತ್ತಿರುತ್ತದೆ. ಹೊರಗೆ ಹೋಗಲಾಗದ ಮಳೆಗಾಲವೇ ಹೆಣೆಯುವ ಕಾಲ. ಆದರೆ ಹೆಣೆದದ್ದನ್ನು ತೊಳೆದು ಒಣಗಿಸಲಾಗದ ಕಾಲವೂ ಅದೇ! ಉಣ್ಣೆಯು ತನ್ನ ತೂಕದ ನೂರಕ್ಕೆ ಸುಮಾರು 30 ಪಾಲು ತೇವವನ್ನು ಹೀರಿಯೂ ಮುಟ್ಟಿದವರಿಗೆ ಒಣಗಿದಂತೆಯೇ ತೋರುವ ಪದಾರ್ಥ. ಹೊರಸಿನ ಮೇಲೆ ಹರಡಿದ ಶಾಲು ಒಣಗಿತೆಂದು ನಂಬಿ ಪೆಟ್ಟಿಗೆಯಲ್ಲಿಟ್ಟು ಮುಗ್ಗುಲು ಹಿಡಿಸಿಕೊಂಡ ಅನುಭವ ನಮಗೆ ಒಮ್ಮೆ ಆಗಿದೆ.

ಮೊದಲು ಸ್ವೆಟರಿನ ಸಂಗತಿ. ಇದು ತಮ್ಮನಿಗಾಗಿ. ಅವನು ರೈಲ್ವೆಯವನು, ರಾತ್ರಿಯ ಪಾಳಿ ಬಂದರೆ ಮಾಗಿಯ ಚಳಿ ಅವನ ಎದೆಗೆ ಹಿಡಿಯುತ್ತದೆ. ತೋಳಿಲ್ಲದ ಸ್ವೆಟರು ಸುಲಭದ ಕೆಲಸವೆಂಬುದು ಎಲ್ಲರ ಮಾತು. ಅಮೆರಿಕದ ಲೈಫ್ ಪತ್ರಿಕೆಯು 1941ರ ನವೆಂಬರ್ 24ರ ಸಂಚಿಕೆಯ ಮುಖಪುಟದಲ್ಲಿ ಹೆಣೆಯುವುದು ಹೇಗೆಂಬ ವಿಷಯವನ್ನೇ ಮುದ್ರಿಸಿ, ಹೊಸಬರಿಗಾಗಿ ಇಂಥದೊಂದು ಸ್ವೆಟರಿನ ಕ್ರಮವನ್ನು ಒಳಗೆ ಕೊಟ್ಟಿತ್ತು. ಯುದ್ಧದ ಸಿಪಾಯಿಗಳಿಗೆಂದು ಕಡ್ಡಿ ಹಿಡಿದವರೆಲ್ಲ ಕಲಿತವರೇ ಆಗಿರಲಿಲ್ಲವಷ್ಟೆ. ನೇರ ಕುಣಿಕೆ, ತಿರುವು ಕುಣಿಕೆ — ಮರಾಠಿಯಲ್ಲಿ ಸುಲಟ, ಉಲಟ ಎನ್ನತಕ್ಕವು — ಇವೆರಡು ಬಂದರೆ ಸಾಕು.

ಬಾರದೆ ಇರುವುದು ಬೇರೆ. ತಮ್ಮನ ಎದೆಯ ಸುತ್ತಳತೆ 38 ಅಂಗುಲ. ಸಡಿಲಕ್ಕೆ 2 ಸೇರಿಸಿ 40 ಎಂದು ಹಿಡಿದೆವು. ಎಂಟನೆಯ ನಂಬರಿನ ಕಡ್ಡಿಯಲ್ಲಿ ಅಕ್ಕನ ಕೈಗೆ ಅಂಗುಲಕ್ಕೆ 5 ಕುಣಿಕೆ. ಆದುದರಿಂದ 200 ಕುಣಿಕೆಗಳನ್ನು ಏರಿಸಿದ್ದಾಯಿತು. ಹಗಲು ಒಬ್ಬರು, ಸಂಜೆ ಒಬ್ಬರು ಎಂದು ಹಂಚಿಕೊಂಡು ಹೆಣೆದೆವು. ಒಂದು ಗೇಣು ಏರುವಷ್ಟರಲ್ಲಿ ಬಟ್ಟೆಯು ನಡುನಡುವೆ ದಾರ ಬಿಗಿದ ಚೀಲದಂತೆ ಕಾಣತೊಡಗಿತು. ಅಳೆದು ನೋಡಿದರೆ, ಅದೇ ಕಡ್ಡಿ, ಅದೇ ಉಣ್ಣೆಯಲ್ಲಿ ತಂಗಿಯ ಕೈಗೆ ಅಂಗುಲಕ್ಕೆ ಐದೂವರೆ ಕುಣಿಕೆ! ಅರ್ಧ ಕುಣಿಕೆಯಲ್ಲವೆ ಎನ್ನಬೇಡಿ. 200ನ್ನು ಐದೂವರೆಯಿಂದ ಭಾಗಿಸಿ ನೋಡಿರಿ. 40 ಅಂಗುಲವಾಗಬೇಕಾದದ್ದು 36ಕ್ಕೆ ಸ್ವಲ್ಪ ಮೇಲೆ ನಿಲ್ಲುತ್ತದೆ. 38 ಅಂಗುಲದ ಎದೆಯು ಅದರೊಳಗೆ ಹೋಗುವುದೆಂತು? ಎಲ್ಲವನ್ನೂ ಬಿಚ್ಚಿದೆವು. ಈಗ ಸ್ವೆಟರು ಅಕ್ಕನ ಕೈಯದು ಮಾತ್ರ. ತಂಗಿಗೆ ಅದನ್ನು ಮುಟ್ಟುವ ಅಧಿಕಾರವಿಲ್ಲ.

ಅದರ ಎದೆಯ ಮೇಲೆ ಕಸೂತಿಯ ಗೋಪುರವೊಂದನ್ನು ಹೆಣಿಗೆಯಲ್ಲೇ ತರಬೇಕೆಂಬುದು ನಮ್ಮ ಹವಣಿಕೆ. ಧಾರವಾಡದ ಕಡೆಯ ಕಸೂತಿಯನ್ನು ನೀವೆಲ್ಲ ಬಲ್ಲಿರಿ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆಗಳನ್ನೆಣಿಸಿ ಹಾಕತಕ್ಕ ಕೆಲಸ. ಇಳಕಲ್ಲ ಸೀರೆಯ ಮೇಲೆ, ಚಂದ್ರಕಾಳಿಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆಗಳು ಹೀಗೆ ಎಣಿಕೆಯಿಂದಲೇ ಹುಟ್ಟಿವೆ. ಹೆಣಿಗೆಯೂ ಎಣಿಕೆಯೇ ಆದುದರಿಂದ ಒಂದನ್ನು ಇನ್ನೊಂದರಲ್ಲಿ ಇಳಿಸುವುದು ಸುಲಭವೆಂದು ನಂಬಿ, ಚೌಕುಳಿ ಕಾಗದದ ಮೇಲೆ ಅಗಲಕ್ಕೆ 30, ಎತ್ತರಕ್ಕೆ 30 ಮನೆಗಳ ಗೋಪುರವನ್ನು ಬರೆದುಕೊಂಡು ಹೆಣೆದೆವು. ಬಂದದ್ದು ಗೋಪುರವಲ್ಲ, ಯಾರೋ ಮೇಲೆ ಕುಳಿತು ಕುಗ್ಗಿಸಿದ ಮಂಟಪ. ಕಾರಣ ಸರಳವಾದುದು. ಹೆಣಿಗೆಯ ಕುಣಿಕೆ ಚೌಕವಲ್ಲ. ಎತ್ತರಕ್ಕಿಂತ ಅದರ ಅಗಲ ಹೆಚ್ಚು. ಅಕ್ಕನ ಕೈಯಲ್ಲಿ ಅಂಗುಲದ ಅಗಲಕ್ಕೆ 5 ಕುಣಿಕೆಯಾದರೆ ಅಂಗುಲದ ಎತ್ತರಕ್ಕೆ 7 ಸಾಲು. 30 ಕುಣಿಕೆ 6 ಅಂಗುಲವಾಯಿತು. 30 ಸಾಲು ನಾಲ್ಕೂಕಾಲನ್ನು ದಾಟಿ ಸ್ವಲ್ಪ ದೂರ ಹೋಗಿ ನಿಂತಿತು. 42 ಸಾಲು ಬೇಕಾಗಿತ್ತು. ಹೊಸ ಕಾಗದವನ್ನು ಈ ಪ್ರಮಾಣಕ್ಕೆ ಗೀಟು ಹಾಕಿಕೊಂಡು ಮತ್ತೆ ತೊಡಗಿದ್ದೇವೆ. ಇನ್ನೊಂದು ತೊಡಕೂ ಉಂಟು. ಎರಡು ಬಣ್ಣದಲ್ಲಿ ಹೆಣೆಯುವಾಗ ಉಪಯೋಗಿಸದ ಬಣ್ಣದ ಎಳೆ ಬಟ್ಟೆಯ ಹಿಂದೆ ತೇಲುತ್ತ ಸಾಗುತ್ತದೆ. ಅದು ಒಂದಂಗುಲಕ್ಕಿಂತ ಉದ್ದವಾದರೆ ತೊಡುವಾಗ ಬೆರಳು ಸಿಕ್ಕಿಬೀಳುವುದು ನಿಶ್ಚಯ. ಗೋಪುರದ ಬುಡ ಅಗಲವಾದುದರಿಂದ ಅಲ್ಲಲ್ಲಿ ಎಳೆಯನ್ನು ಸಿಕ್ಕಿಸುತ್ತ ಹೋಗಬೇಕು. ಬೆನ್ನಿನ ಭಾಗ ಮುಗಿದಿದೆ. ಗೋಪುರವು ಕಳಸಕ್ಕೆ ಇನ್ನೂ 12 ಸಾಲು ಕೆಳಗಿದೆ.

ಎರಡನೆಯದು ಕಂಬಳಿಯ ದಾರದ ಶಾಲು. ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುವ ನಮ್ಮ ಸೋದರಮಾವನವರಿಗಾಗಿ ಇದನ್ನು ತೊಡಗಿದೆವು. ದಖನ್ ಸೀಮೆಯ ಕುರಿಯ ಉಣ್ಣೆ ಒರಟಾದುದು. ಪೇಟೆಯ ಉಣ್ಣೆಯ ಮೃದುತ್ವವನ್ನು ಅದರಲ್ಲಿ ಹುಡುಕಬಾರದು. ಆದರೆ ಕರಿಯ ಕುರಿಯ ಉಣ್ಣೆಗೆ ಬಣ್ಣ ಹಾಕಬೇಕಾಗಿಲ್ಲ. ಒಂದೇ ದಾರದಲ್ಲಿ ಕಪ್ಪು, ಕಂದು, ಬೂದು ಮೂರೂ ಆಡುತ್ತವೆ. ಕುರುಬರ ಮನೆಯ ಮುದುಕಿಯೊಬ್ಬರಿಂದ ಕೈಯಲ್ಲಿ ನೂತ ದಾರವನ್ನು ಕೊಂಡುತಂದು, ಒಂದು ಮಗ್ಗುಲು ನೇರ, ಒಂದು ಮಗ್ಗುಲು ತಿರುವು ಎಂದು ಹೆಣೆದೆವು. ಒಂದು ಮೊಳವಾಗುವಷ್ಟರಲ್ಲಿ ಶಾಲು ಒಂದು ಪಕ್ಕಕ್ಕೆ ವಾಲಿತು. ಎಳೆದರೆ ನೇರವಾಗುವುದು, ಬಿಟ್ಟರೆ ಮತ್ತೆ ಸೊಟ್ಟ. ನಮ್ಮ ಕೈಯ ದೋಷವೆಂದು ಎರಡು ಸಲ ಬಿಚ್ಚಿದೆವು. ಕಡೆಗೆ ಅದನ್ನೇ ಹಿಡಿದುಕೊಂಡು ಆ ಮುದುಕಿಯ ಬಳಿಗೆ ಹೋದಾಗ ಆಕೆ ಬಟ್ಟೆಯನ್ನು ಸಹ ನೋಡಲಿಲ್ಲ. “ಒಂಟಿ ಎಳಿ ತಿರುವಿದ ಕಡೀಗೇ ಓಡತೈತ್ರಿ ಯಕ್ಕಾ. ಎರಡ ಎಳಿ ಕೂಡಿಸಿ ಹಿಂದಕ್ಕ ಹುರಿ ಹಾಕ್ರಿ” ಎಂದರು.

ಮಗ್ಗದಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಸಾಲದುದಕ್ಕೆ ಹುಣಿಸೆಬೀಜದ ಗಂಜಿಯ ಬಿಗಿ ಬೇರೆ. ಆದುದರಿಂದ ಕಂಬಳಿಯಲ್ಲಿ ಒಂಟಿ ಎಳೆಯ ಮುರಿ ಹೊರಗೆ ಕಾಣುವುದಿಲ್ಲ. ಹೆಣಿಗೆಯಲ್ಲಿ ಪ್ರತಿಯೊಂದು ಕುಣಿಕೆಯೂ ಸ್ವತಂತ್ರ. ಎಳೆಯೊಳಗಿನ ಮುರಿ ತನಗೆ ಬೇಕಾದ ಕಡೆಗೆ ಅದನ್ನು ತಿರುಗಿಸುತ್ತದೆ. ಎರಡು ಎಳೆ ಸೇರಿಸಿ ಎದುರುಮುರಿ ಹಾಕಿದ ಮೇಲೆ ಒಂದರ ಓಟವನ್ನು ಇನ್ನೊಂದು ತಡೆಯಿತು. ಭದ್ರತೆಗೆಂದು ಎರಡು ಮಗ್ಗುಲಲ್ಲಿಯೂ ನೇರ ಕುಣಿಕೆಯನ್ನೇ ಹೆಣೆದೆವು. ಈಗ ಶಾಲು ನೇರವಾಗಿದೆ. ನಾಲ್ಕೂವರೆ ಅಡಿ ಆಗಿದೆ, ಆರು ಆಗಬೇಕು. ತೂಕವನ್ನು ಮಾತ್ರ ಕೇಳಬೇಡಿ. ಮಡಿಲಲ್ಲಿಟ್ಟುಕೊಂಡರೆ ಕರುವನ್ನು ಕೂರಿಸಿಕೊಂಡಂತೆ. ಮಾವನವರು ಬಂದಾಗ ಹೆಗಲ ಮೇಲೆ ಹಾಕಿಕೊಂಡು ನೋಡಿ, “ಛಲೋ ಐತಿ. ಆದರ ಇದನ್ನ ಹೊತ್ತು ಗದ್ದಿಗೆ ಹೋದರ ಮಳಿ ನನ್ನ ಬೆನ್ನಮ್ಯಾಲ ಸೋಸಿ ಬೀಳತೈತಿ” ಎಂದರು. ಮಾತು ಸರಿಯಾದುದೇ. ನೆಯ್ದ ಕಂಬಳಿಯ ಒತ್ತು ಹೆಣೆದ ಬಟ್ಟೆಗೆ ಬಾರದು. ಅದು ಒಲೆಯ ಮುಂದೆ ಕುಳಿತಾಗ ಹೊದೆಯುವ ಶಾಲಾಗಿ ಉಳಿಯಲಿ. ಗದ್ದೆಯ ಮಳೆಗೆ ಕೊಪ್ಪೆಯೇ ತಕ್ಕುದು.

ಮೂರನೆಯದು ತೊಟ್ಟಿಲ ಕೂಸಿಗೆ ದುಂಡು ಶಾಲು. ಇದರ ಲೆಕ್ಕವನ್ನು ಹೇಳದೆ ಮುಂದೆ ಹೋಗಲಾರೆವು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಹೆಣಿಗೆಯ ಪಂಡಿತೆ ಇದನ್ನು 1974ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ವರ್ತುಲದ ತ್ರಿಜ್ಯ ಇಮ್ಮಡಿಯಾದರೆ ಪರಿಧಿಯೂ ಇಮ್ಮಡಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲವೆ? ನಡುವಿನಲ್ಲಿ 9 ಕುಣಿಕೆಯಿಂದ ಹೊರಟು 18, 36, 72, 144 ಎಂದು ಇಮ್ಮಡಿಸುವುದು. ಒಂದು ಇಮ್ಮಡಿಗೂ ಮುಂದಿನದಕ್ಕೂ ನಡುವೆ 3 ಸುತ್ತು, 6, 12, 24 ಹೀಗೆ ಸುತ್ತುಗಳನ್ನೂ ಇಮ್ಮಡಿಸುವುದು. ಅಷ್ಟೇ. ನಡುನಡುವೆ ಏರಿಕೆಯ ಚಿಂತೆಯಿಲ್ಲ. ತಂಗಿ 288ಕ್ಕೆ ಬಂದಿದ್ದಾಳೆ. 48 ಸುತ್ತುಗಳಲ್ಲಿ 20 ಆಗಿವೆ. ಕೂಸು ಶಾಲಿಗಿಂತ ಬೇಗ ಬೆಳೆಯುತ್ತಿದೆ.

ಇನ್ನು ಉಳಿದದ್ದು ನಮ್ಮ ತಾಯಿಯವರ ಶಾಲು. ತಂದೆಯವರಿಗಾಗಿ ಅವರು ತೊಡಗಿದ್ದದ್ದು; ಹೋದ ವರ್ಷ ಕಾರ್ತಿಕದಲ್ಲಿ ಅವರು ತೀರಿಕೊಂಡಾಗ ಹತ್ತನೆಯ ನಂಬರಿನ ಕಡ್ಡಿಯ ಮೇಲೆ 132 ಕುಣಿಕೆಗಳು ಹಾಗೆಯೇ ನಿಂತಿದ್ದವು. ಆರು ತಿಂಗಳು ಅದನ್ನು ಯಾರೂ ತೆಗೆಯಲಿಲ್ಲ. ನುಸಿ ಹಿಡಿದೀತೆಂಬ ಭಯದಿಂದ ಕಡೆಗೆ ತೆಗೆದು, ಅವರ ಕೈಯ ಬಿಗಿಗೆ ನಮ್ಮ ಕೈ ಹೊಂದುವುದೋ ಎಂದು ಅಳೆಯತೊಡಗಿದೆವು. ಮೊದಲ 41 ಅಂಗುಲದಲ್ಲಿ, ಎಲ್ಲಿ ಅಳೆದರೂ ಅಂಗುಲಕ್ಕೆ 6 ಕುಣಿಕೆ. ಶಾಲಿನ ಅಗಲ 22 ಅಂಗುಲ. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಅಲ್ಲಿಂದ ಮುಂದೆ 6 ಅಂಗುಲಗಳಲ್ಲಿ ಅದು ಐದೂವರೆಗೆ ಇಳಿದಿತ್ತು, ಅಗಲ 24. ಕಡೆಯ 4 ಅಂಗುಲಗಳಲ್ಲಿ ಐದೇ ಕುಣಿಕೆ. ಅಗಲ 26ನ್ನು ದಾಟಿತ್ತು. ಎಳೆಯನ್ನು ಬೆರಳಿನಲ್ಲಿ ಬಿಗಿಹಿಡಿಯುವ ಶಕ್ತಿ ಕುಂದಿದರೆ ಕುಣಿಕೆ ಸಡಿಲುತ್ತದೆ. ಕೊನೆಗೆ ಒಂದು ಕುಣಿಕೆ ಜಾರಿ ಮೂರು ಸಾಲು ಕೆಳಗೆ ಇಳಿದಿತ್ತು. ಅವರು ಅದನ್ನು ಕಂಡಿರಲಿಲ್ಲ. ಜೀವಮಾನದಲ್ಲಿ ಕುಣಿಕೆ ಜಾರಿಸದೆ ಇದ್ದವರು. ಅವರ ಕೈ ಯಾವಾಗ ಸೋತಿತೆಂಬುದು ಅದೇ ಮನೆಯಲ್ಲಿದ್ದ ನಮಗೆ ತಿಳಿದಿರಲಿಲ್ಲ. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಈ ಹತ್ತು ಅಂಗುಲವನ್ನು ಬಿಚ್ಚಿ ಸಮವಾಗಿ ಹೆಣೆಯಬೇಕೆಂದು ಅಕ್ಕ, ಕೂಡದೆಂದು ತಂಗಿ. ಇದರ ಮೇಲೆ ನಮ್ಮಲ್ಲಿ ನಾಲ್ಕು ದಿನ ಮಾತು ನಿಂತಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಅಕ್ಕನ ವಾದದಲ್ಲಿ ಹುರುಳಿಲ್ಲದಿಲ್ಲ. ಒಂದು ಕಡೆ ಹರಡಿದ ಶಾಲು ಹೆಗಲಿನಿಂದ ಜಾರುತ್ತದೆ. ತಂದೆಯವರು ಅದನ್ನು ಎಳೆದುಕೊಳ್ಳುತ್ತಲೇ ಇರಬೇಕಾಗುತ್ತದೆ. ಚೆನ್ನಾಗಿ ಹೆಣೆಯುತ್ತಿದ್ದವರ ಹೆಸರು ಕೆಟ್ಟ ತುದಿಯಿಂದ ಉಳಿಯಬೇಕೆ? ಬಿಚ್ಚಿದ ಉಣ್ಣೆ ಸುಕ್ಕು ಸುಕ್ಕಾಗಿ ನಿಂತಿರುತ್ತದೆ, ತೊಳೆದು ಭಾರ ಕಟ್ಟಿ ಒಣಗಿಸಿದರೂ ಹೊಸದರಂತೆ ಕೂಡುವುದಿಲ್ಲ ಎಂದು ತಂಗಿ ಹೇಳಿದಳು. ಅದು ನೆವವೆಂಬುದು ಇಬ್ಬರಿಗೂ ಗೊತ್ತಿತ್ತು. ತಂದೆಯವರನ್ನು ಕೇಳಿದೆವು. ಅವರು ಶಾಲನ್ನು ಮಡಿಲಲ್ಲಿ ಹರಡಿಕೊಂಡು ಸಡಿಲಾದ ಭಾಗದ ಮೇಲೆ ಎರಡು ಸಲ ಕೈಯಾಡಿಸಿ, “ಮೊಣಕಾಲತನಕಾ ಬರತೈತೇನ?” ಎಂದಷ್ಟೇ ಕೇಳಿದರು.

ಬಿಚ್ಚಲಿಲ್ಲ. ಜಾರಿದ ಕುಣಿಕೆಯನ್ನು ಮೇಲೆತ್ತದೆ, ಇನ್ನೂ ಇಳಿಯದಂತೆ ದಾರದಿಂದ ಕಟ್ಟಿ ನಿಲ್ಲಿಸಿದೆವು. ಆ ಕಡ್ಡಿಗಳ ಮೇಲೆಯೇ ಇಬ್ಬರೂ ಮಾದರಿ ತುಂಡುಗಳನ್ನು ಹೆಣೆದು ನೋಡಿದಾಗ ಅಕ್ಕನ ಕೈಗೆ ಐದೂವರೆ ಬಂದಿತು, ತಂಗಿಯ ಕೈಗೆ ಸರಿಯಾಗಿ ಆರು. ಆದುದರಿಂದ ಈ ಕೆಲಸ ತಂಗಿಗೆ ಹೋಯಿತು. ತಾಯಿಯವರು ಬಿಟ್ಟಾಗ 51 ಅಂಗುಲವಿದ್ದ ಶಾಲು ಇವತ್ತಿಗೆ 61 ಅಂಗುಲವಾಗಿದೆ. ನಡುವಿನಲ್ಲಿ ಉಬ್ಬಿ ಮತ್ತೆ 22 ಅಂಗುಲಕ್ಕೆ ಬಂದಿದೆ. ತಂದೆಯವರ ಮೊಣಕಾಲನ್ನು ಮುಟ್ಟಲು 72 ಬೇಕು. ಅದೇ ಬಣ್ಣದ ಉಣ್ಣೆ ಈಗ ಎಲ್ಲಿಯೂ ಸಿಕ್ಕುವುದಿಲ್ಲ. ಬುಟ್ಟಿಯಲ್ಲಿ 25 ಗ್ರಾಮಿನ ಎರಡು ಉಂಡೆಗಳು ಉಳಿದಿವೆ, ಒಂದೊಂದಕ್ಕೆ ಸುಮಾರು 5 ಅಂಗುಲ ಬರುತ್ತದೆ. ಕಡಮೆ ಬೀಳುವ ಒಂದು ಅಂಗುಲಕ್ಕೆ ತಮ್ಮನ ಸ್ವೆಟರಿನಲ್ಲಿ ಮಿಕ್ಕುವ ಕುಂಕುಮಗೆಂಪನ್ನು ಅಂಚಾಗಿ ಹಾಕೋಣವೆಂದು ತಂದೆಯವರನ್ನು ಕೇಳಿದೆವು. ಆಗಲಿ, ಮಳೆಗಾಲ ಹಿಡಿಯುವುದರೊಳಗೆ ಕೊಡಿರಿ ಎಂದಿದ್ದಾರೆ.