ಧಾನ್ಯ ತಿನ್ನುವ ದನಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಾಂಸಕ್ಕಾಗಿ ದನಗಳನ್ನು ಕೊಬ್ಬಿಸುವ ದೊಡ್ಡಿಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿರುವೆವು. ಕೇಳುತ್ತಿರುವವರಲ್ಲಿ ಗೋಪೂಜೆ ಮಾಡುವ ಮನೆಯವರು ಅನೇಕರಿರುವರು. ವಿಷಯವು ಅವರಿಗೆ ಅಪ್ರಿಯವಾಗಿ ತೋರಿದರೆ ಅದು ಸಹಜವೇ. ಅಂಥ ದೊಡ್ಡಿಗಳನ್ನು ಇಲ್ಲಿಯೂ ಕಟ್ಟಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಹಸುವಿಗೆ ಹಿಂಡಿಯನ್ನೂ ಕಾಳನ್ನೂ ಹಾಕಿ ಹಾಲು ಕರೆಯುವ ಪ್ರತಿಯೊಬ್ಬರಿಗೂ ಬೇಕಾದ ಒಂದು ಸಂಗತಿಯನ್ನು ಆ ದೊಡ್ಡಿಯವರು ಬಹಳ ನಷ್ಟಪಟ್ಟು ಕಲಿತಿರುವರು.

ನಮ್ಮ ಬಾಲ್ಯದಲ್ಲಿ ನಡೆದುದೊಂದನ್ನು ಮೊದಲು ಹೇಳಿಬಿಡುವೆವು. ಸೋದರತ್ತೆಯ ಮದುವೆಯಲ್ಲಿ ಅನ್ನ ಮಿಕ್ಕಿತು. ಚೆಲ್ಲುವುದಕ್ಕೆ ಮನಸ್ಸು ಬಾರದೆ ನಮ್ಮ ಅಜ್ಜಿಯವರು ಒಂದು ಮಂಕರಿ ಅನ್ನವನ್ನು ಕೊಟ್ಟಿಗೆಯ ಹಸುವಿನ ಮುಂದಿಟ್ಟರು. ಮಂಗಳಕಾರ್ಯದಲ್ಲಿ ಅದೂ ಉಣ್ಣಲಿ ಎಂಬ ಪ್ರೀತಿ. ಮರುದಿನ ಹಸು ಮೆಲುಕು ಹಾಕಲಿಲ್ಲ. ಎಡಪಕ್ಕೆ ಉಬ್ಬಿತು; ಸೆಗಣಿ ನೀರಾಗಿ ಹುಳಿವಾಸನೆ ಹೊಡೆಯಿತು. ಮೂರನೆಯ ದಿನ ಬೆಳಗಾಗುವುದರೊಳಗೆ ಪ್ರಾಣ ಬಿಟ್ಟಿತು. ದೃಷ್ಟಿ ತಾಕಿತೆಂದು ನೆರೆಯವರು ಹೇಳಿದರು; ಅಜ್ಜಿಯವರೂ ನಂಬಿದರು. ಕೊಂದದ್ದು ದೃಷ್ಟಿಯಲ್ಲ, ಅನ್ನವೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಈ ದೊಡ್ಡಿಗಳ ವಿಚಾರವನ್ನು ಓದುವಾಗ.

ದನದ ಮೊದಲನೆಯ ಹೊಟ್ಟೆ 100 ಲೀಟರಿಗೂ ಮಿಗಿಲಾಗಿ ಹಿಡಿಯುವ ಒಂದು ದೊಡ್ಡ ಹಂಡೆ. ಅದರಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ನಿಧಾನವಾಗಿ ಕೊಳೆಯಿಸುವುವು. ಅದರಿಂದ ಹುಟ್ಟುವ ಲಘುವಾದ ಆಮ್ಲಗಳೇ ದನಕ್ಕೆ ಆಹಾರ. ಮೆಲುಕು ಹಾಕಿದಷ್ಟೂ ಜೊಲ್ಲು ಸುರಿದು, ಅದರಲ್ಲಿರುವ ಸೋಡಾದಂಥ ಕ್ಷಾರವು ಹುಳಿಯನ್ನು ಮುರಿಯುವುದು. ಧಾನ್ಯವು ಬಿದ್ದರೆ ಕಥೆಯೇ ಬೇರೆ. ಪಿಷ್ಟವು ಬೇಗ ಹುಳಿಯುವುದು. ಅಗಿಯುವ ಕೆಲಸವಿಲ್ಲದ ಕಾರಣ ಜೊಲ್ಲೂ ಕಡಮೆ. ಹುಳಿ ಹೆಚ್ಚಿದ ಹಾಗೆಲ್ಲ ನಾರನ್ನು ಕರಗಿಸುವ ಜೀವಿಗಳು ಸತ್ತು, ತೀಕ್ಷ್ಣವಾದ ಲ್ಯಾಕ್ಟಿಕ್ ಆಮ್ಲವನ್ನು ಮಾಡುವ ಜೀವಿಗಳೇ ರಾಜ್ಯವಾಳುವುವು. ಹೊಟ್ಟೆಯ ಒಳಪದರ ಬೇಯುವುದು. ಆಮ್ಲವು ರಕ್ತಕ್ಕೆ ಇಳಿಯುವುದು. ಆ ಹೊತ್ತಿಗೆ ಸಾಯದೆ ಉಳಿದ ದನಕ್ಕೂ ಮುಂದೆ ಗೊರಸು ಕೆಟ್ಟು ಕುಂಟು ಬರಬಹುದು, ಯಕೃತ್ತಿನಲ್ಲಿ ಕೀವಿನ ಕುರುಗಳು ಏಳಬಹುದು.

ಇಷ್ಟು ಅಪಾಯವಿರುವ ಧಾನ್ಯವನ್ನೇ ತಿನ್ನಿಸಿ ವ್ಯಾಪಾರ ಮಾಡುವ ಸಾಹಸವನ್ನು ಅಮೆರಿಕದವರು ಮಾಡಿರುವರು. ಕೊಲೊರಾಡೊ ಪ್ರಾಂತದ ಗ್ರೀಲಿ ಎಂಬಲ್ಲಿ ವಾರನ್ ಮಾನ್‌ಫೋರ್ಟ್ ಎಂಬವರು 1930ರಲ್ಲಿ ಕೆಲವೇ ದನಗಳಿಂದ ಆರಂಭಿಸಿದ ಉದ್ಯಮವು 1960ರ ದಶಕ ಮುಗಿಯುವ ಹೊತ್ತಿಗೆ ಲಕ್ಷ ದನಗಳ ಮಟ್ಟಕ್ಕೆ ಬೆಳೆಯಿತು. ಟೆಕ್ಸಾಸಿನ ಉತ್ತರಭಾಗದಲ್ಲಿ ನೆಲದೊಳಗಣ ನೀರನ್ನೆತ್ತಿ ಬೆಳೆದ ಜೋಳವೇ, ನಮ್ಮ ಉತ್ತರದ ಸೀಮೆಯವರು ರೊಟ್ಟಿ ತಟ್ಟುವ ಜೋಳದ ಜಾತಿಯದೇ, ಅಲ್ಲಿಯ ದೊಡ್ಡಿಗಳಿಗೆ ಬುನಾದಿಯಾಯಿತು. ಆ ನೀರು ಈಗ ಬತ್ತುತ್ತಿರುವುದೆಂಬುದು ಬೇರೆಯ ವ್ಯಾಕುಲ. ಹುಲ್ಲಿನ ಮೇಲೆ ಬೆಳೆದ ಸುಮಾರು 350 ಕಿಲೋ ತೂಕದ ಹೋರಿಯು ದೊಡ್ಡಿಗೆ ಬಂದು, ನಾಲ್ಕಾರು ತಿಂಗಳಲ್ಲಿ 600 ಕಿಲೋ ದಾಟುವುದು. ಒಂದು ಕಿಲೋ ಮೈಗೂಡಲು ಸುಮಾರು ಆರು ಕಿಲೋ ಒಣ ಆಹಾರ ಬೇಕು.

ಬಂದ ದಿನವೇ ಧಾನ್ಯವನ್ನು ಸುರಿದರೆ ನಮ್ಮ ಅಜ್ಜಿಯವರ ಹಸುವಿನ ಗತಿಯೇ ಅವಕ್ಕೂ. ಆದುದರಿಂದ ಮೊದಲು ಆಹಾರದಲ್ಲಿ ನೂರಕ್ಕೆ ನಲವತ್ತರಷ್ಟು ಒಣಹುಲ್ಲನ್ನೇ ಇಟ್ಟು, ಮೂರು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಕ್ಕೆ ಇಳಿಸುವರು. ಹುಲ್ಲಿನ ಸ್ಥಾನದಲ್ಲಿ, ಆವಿಯಲ್ಲಿ ಬೇಯಿಸಿ ಅವಲಕ್ಕಿಯಂತೆ ಚಪ್ಪಟೆ ಮಾಡಿದ ಮುಸುಕಿನ ಜೋಳ ಏರುತ್ತ ಹೋಗುವುದು. ನಸುಕಿನಲ್ಲಿ ಒಬ್ಬನು ಗೋದಲಿಗಳನ್ನು ನೋಡುತ್ತ ಹೋಗುವನು. ಹಿಂದಿನ ದಿನದ್ದು ಮಿಕ್ಕಿರುವುದೆ, ನೆಕ್ಕಿ ಬರಿದಾಗಿರುವುದೆ, ದನಗಳು ಕಾದು ನಿಂತಿರುವುವೆ ಎಂಬುದನ್ನು ಕಂಡು ಆ ದಿನದ ಪ್ರಮಾಣವನ್ನು ಗೊತ್ತುಮಾಡುವನು. ಗಡಿಯಾರ ನೋಡಿ ಬಡಿಸುವರು. ಹೊತ್ತು ಮೀರಿದರೆ ಹಸಿದ ದನ ಗಬಗಬನೆ ತಿಂದು ಕೆಡುವುದು. ಅಲ್ಲಿ ಈತನಷ್ಟು ಮುಖ್ಯನಾದ ನೌಕರನು ಇನ್ನೊಬ್ಬನಿಲ್ಲವೆಂದು ನಮ್ಮ ಅಭಿಪ್ರಾಯ. 1975ರಲ್ಲಿ ಮೊನೆನ್ಸಿನ್ ಎಂಬ ಔಷಧವನ್ನು ಈ ಆಹಾರದಲ್ಲಿ ಬೆರೆಸಲು ಅಲ್ಲಿಯ ಸರ್ಕಾರ ಅನುಮತಿ ಕೊಟ್ಟಿತು. ಅದು ಹೊಟ್ಟೆಯ ಹುಳಿಯನ್ನು ತಕ್ಕಮಟ್ಟಿಗೆ ಅಂಕೆಯಲ್ಲಿಡುವುದು. ದನಕ್ಕೆ ಹಿತವಾದ ಆ ಔಷಧವೇ ಕುದುರೆಗೆ ವಿಷ.

ಮೇವಿನಷ್ಟೇ ಕಾಡುವುದು ಶ್ವಾಸಕೋಶದ ರೋಗ. ತಾಯಿಯನ್ನು ಬಿಡಿಸಿ, ಲಾರಿಯಲ್ಲಿ ನೂರಾರು ಮೈಲಿ ಸಾಗಿಸಿ, ಗುರುತಿಲ್ಲದ ದನಗಳೊಡನೆ ಕೂಡಿಹಾಕಿದ ಕರು ಮೊದಲ ವಾರಗಳಲ್ಲಿ ಇದಕ್ಕೆ ತುತ್ತಾಗುವುದು. 2011ರಲ್ಲಿ ದೊಡ್ಡ ದೊಡ್ಡಿಗಳಲ್ಲಿ ನಡೆದ ಸರ್ಕಾರಿ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 16 ದನಗಳಿಗೆ ಇದು ತಗಲಿದ್ದುದು ಕಂಡುಬಂದಿತು. ಕುದುರೆಯ ಮೇಲೆ ಸುತ್ತುವ ಸವಾರರು ಜೋತ ಕಿವಿ, ಗುಳಿಬಿದ್ದ ಕಣ್ಣು, ಹಿಂಡಿನಿಂದ ದೂರ ನಿಂತ ನಿಲುವು ಇವುಗಳಿಂದಲೇ ಗುರುತಿಸಿ ಹೊರತೆಗೆಯುವರು.

ಲಾಭವೆಷ್ಟೆಂದು ಕೇಳುವಿರಿ. ಕರುವಿನ ಬೆಲೆಗೂ ಮೇವಿಗೂ ಕೊಟ್ಟು ಉಳಿಯುವುದು ತೀರ ಸಣ್ಣ ಮೊತ್ತ. ಎಷ್ಟೋ ವೇಳೆ ನಷ್ಟವೇ. ಲೆಕ್ಕಕ್ಕಾಗಿ ಒಂದು ಹೋರಿಗೆ 1,500 ಡಾಲರು ಬಿದ್ದಿತು, ಮಾರಿದಾಗ 30 ಡಾಲರು ಮಿಕ್ಕಿತು ಎಂದಿಟ್ಟುಕೊಳ್ಳೋಣ. ಒಂದು ಸತ್ತರೆ ಐವತ್ತು ಹೋರಿಗಳ ಲಾಭ ಅದರೊಂದಿಗೆ ಹೂತುಹೋಯಿತು. ಅಲ್ಲಿ ಒಂದು ಗೋದಲಿಗೆ ಅಷ್ಟು ಕಣ್ಣು ಕಾವಲಿರುವುದು ಕರುಣೆಯಿಂದಲ್ಲ, ಈ ಲೆಕ್ಕದಿಂದ. ಪ್ರೀತಿಯಿದ್ದ ನಮ್ಮ ಮನೆಯಲ್ಲಿ ಹಸು ಸತ್ತಿತೆಂಬುದನ್ನು ನೆನೆದಾಗ ನಮಗೆ ಈಗಲೂ ನಾಚಿಕೆಯಾಗುವುದು.

ಹಸುವಿಗೆ ತಿಂಡಿಯನ್ನು ಹೆಚ್ಚಿಸುವವರು ದಿನಕ್ಕಿಷ್ಟಿಷ್ಟೆಂದು, ಎರಡು ಮೂರು ವಾರದ ಅವಧಿಯಲ್ಲಿ ಹೆಚ್ಚಿಸತಕ್ಕುದು; ಹುಲ್ಲನ್ನು ಎಂದಿಗೂ ಬಿಡತಕ್ಕುದಲ್ಲ. ಹಗ್ಗ ಬಿಚ್ಚಿಕೊಂಡು ಕಣದ ರಾಗಿರಾಶಿಗೆ ಬಾಯಿ ಹಾಕಿದ್ದು ಕಂಡರೆ, ಹೊಟ್ಟೆ ಉಬ್ಬುವವರೆಗೆ ಕಾಯದೆ ಒಡನೆ ಪಶುವೈದ್ಯರನ್ನು ಕರೆಯಿಸಿರಿ. ಮದುವೆಮನೆಯಲ್ಲಿ ಮಿಕ್ಕ ಅನ್ನವನ್ನು ಕೊಟ್ಟಿಗೆಗೆ ಒಯ್ಯಬೇಡಿರಿ. ಉಣ್ಣುವ ಮನುಷ್ಯರು ಸಿಕ್ಕದಿದ್ದರೆ ಗೊಬ್ಬರದ ಗುಂಡಿಗಾದರೂ ಹಾಕಿರಿ.