ಉಪಾಧ್ಯಾಯನೂ ನಿಸ್ತಂತು ವಾರ್ತೆಯೂ

ಮಂಗಳೂರಿನಿಂದ ಮೂಡಬಿದಿರೆಗೆ ಹೋಗುವ ರಸ್ತೆಯಲ್ಲಿ ವಾಮಂಜೂರು ಎಂಬ ಊರುಂಟು. ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ವಾಸ ಅಲ್ಲಿಯೇ. ಕಳೆದ ಮಳೆಗಾಲದ ಒಂದು ರಾತ್ರಿ, ದೀಪವು ಆರುವುದೂ ಹತ್ತುವುದೂ ನಡೆದಿದ್ದಾಗ, ಉತ್ತರ ಪತ್ರಿಕೆಗಳ ಕಟ್ಟೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದೆವು. ಮೂವತ್ತನೆಯ ಪತ್ರಿಕೆಯನ್ನು ತಿದ್ದುವಾಗ ಕೈ ತಾನಾಗಿ ನಿಂತಿತು. ಅದರಲ್ಲಿದ್ದ ಒಂದು ತಪ್ಪನ್ನು ಮೊದಲೇ ಎಲ್ಲಿಯೋ ನೋಡಿದ್ದೆವು. ಸರಿಯುತ್ತರ ಎಲ್ಲರದೂ ಒಂದೇ ಆಗಿರಬಹುದು; ತಪ್ಪು ಅವರವರದು. ಇಬ್ಬರ ತಪ್ಪು ಅಕ್ಷರಕ್ಕೆ ಅಕ್ಷರ ಹೊಂದಿದರೆ ನಡುವೆ ಏನೋ ವ್ಯವಹಾರ ನಡೆದಿದೆ ಎಂದೇ ಅರ್ಥ. ಕಟ್ಟನ್ನು ಮಗುಚಿ ಹಾಕಿದೆವು. ಏಳನೆಯ ಪತ್ರಿಕೆಯಲ್ಲಿ ಜೊತೆಗಾರ ಸಿಕ್ಕಿದ.

ಇದರಲ್ಲಿ ಪ್ರತಿಭೆಯೇನೂ ಇಲ್ಲ, ಶ್ರೋತೃಗಳೇ. ವರ್ಷಗಟ್ಟಲೆ ಒಂದೇ ಬಗೆಯ ಕಾಗದವನ್ನು ನೋಡಿದ ಕಣ್ಣಿಗೆ ಹತ್ತುವ ಚಟವಿದು. ಆದರೆ ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ನಿಸ್ತಂತು ಇಲಾಖೆಗಳಿಗೆ ಉಪಾಧ್ಯಾಯರಲ್ಲಿ ಬೇಕಾಗಿ ಬಂದದ್ದು ಈ ಚಟವೇ.

ನಮ್ಮ ನಾಡಿನಲ್ಲಿ ಮೇಷ್ಟರಿಗೂ ನಿಸ್ತಂತುವಿಗೂ ಹಳೆಯ ನಂಟು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಯಂತ್ರವನ್ನು ಹೂಡಿ ಆಕಾಶವಾಣಿಯನ್ನು ಆರಂಭಿಸಿದರು. ಅದು ಒಬ್ಬರ ಮಾತನ್ನು ಎಲ್ಲರಿಗೂ ಕೇಳಿಸುವ ಕೆಲಸ. ಈ ಹೊತ್ತು ನಾವು ಹೇಳಹೊರಟಿರುವುದು ಅದಕ್ಕೆ ಕೇವಲ ವಿರುದ್ಧವಾದದ್ದು: ಯಾರೂ ಕೇಳಬಾರದೆಂದು ಆಡಿದ ಮಾತನ್ನು ಕದ್ದು ಕೇಳುವ ಕೆಲಸ.

ದೆಹಲಿಯ ಆನಂದ ಪರ್ವತವೆಂಬ ದಿಣ್ಣೆಯ ಮೇಲೆ ರಾಮಜಸ್ ಕಾಲೇಜು ಇತ್ತು. ಯುದ್ಧಕಾಲದಲ್ಲಿ ಆ ಸ್ಥಳದಲ್ಲಿ ಸೈನ್ಯವು ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಎಂಬ ಹೆಸರಿನ ಕಚೇರಿಯನ್ನು ನಡೆಸಿತು. ಏನೋ ಪ್ರಯೋಗಶಾಲೆ ಇರಬೇಕೆಂದು ದಾರಿಹೋಕನು ತಿಳಿದು ಸುಮ್ಮನಾಗಲಿ ಎಂಬಂತಹ ಹೆಸರು. ಅದರ ಒಂದು ಶಾಖೆ ಬಂಗಾಳದ ಬಾರಕ್‌ಪುರದಲ್ಲಿ. ಇನ್ನೊಂದು ನಮ್ಮ ಬೆಂಗಳೂರಿನಲ್ಲಿಯೇ. ಜಪಾನೀ ಸೈನ್ಯದ ನಿಸ್ತಂತು ಸಂದೇಶಗಳನ್ನು ಹಿಡಿದು, ಬರೆದುಕೊಂಡು, ಅವುಗಳ ಗುಟ್ಟನ್ನು ಒಡೆಯುವುದೇ ಅಲ್ಲಿಯವರ ಕೆಲಸ.

ಗುಟ್ಟಿನ ಬಗೆಯನ್ನು ಸ್ವಲ್ಪ ವಿವರಿಸಬೇಕು. ಒಂದೊಂದು ಮಾತಿಗೂ ನಾಲ್ಕು ಅಂಕೆಗಳ ಒಂದು ಗುಂಪು. ಅದು ಸಂಕೇತ ಪುಸ್ತಕದಲ್ಲಿರುತ್ತದೆ. ಅದನ್ನು ಹಾಗೆಯೇ ಕಳುಹಿಸಿದರೆ ಶತ್ರುವು ಬೇಗನೆ ಊಹಿಸಿಯಾನು. ಆದ್ದರಿಂದ ಇನ್ನೊಂದು ಪುಸ್ತಕದಿಂದ ಅಡ್ಡಾದಿಡ್ಡಿ ಅಂಕೆಗಳನ್ನು ತೆಗೆದು ಅದಕ್ಕೆ ಕೂಡುವುದು. ಕೂಡುವ ರೀತಿಯೂ ವಿಚಿತ್ರ: ಏಳಕ್ಕೆ ಎಂಟು ಕೂಡಿದರೆ ಐದು ಮಾತ್ರ ಬರೆಯಬೇಕು, ಕೈಯಲ್ಲಿ ಒಂದು ಎಂದು ಇಟ್ಟುಕೊಳ್ಳುವಂತಿಲ್ಲ. ನಮ್ಮ ಪ್ರಾಥಮಿಕ ಶಾಲೆಯಲ್ಲಿ ಹಾಗೆ ಕೂಡಿದ್ದಿದ್ದರೆ ಬೆತ್ತದ ರುಚಿ ಕಾಣುತ್ತಿದ್ದೆವು. ಕೊನೆಗೆ ಗಾಳಿಯಲ್ಲಿ ಹಾರಿ ಬರುವುದು ಅರ್ಥವೂ ಕ್ರಮವೂ ಇಲ್ಲದ ಅಂಕೆಗಳ ಸುರಿಮಳೆ.

ಜಪಾನೀ ಭೂಸೈನ್ಯವು ತನ್ನ ಆಳುಗಳನ್ನೂ ಸರಂಜಾಮನ್ನೂ ಹಡಗುಗಳಲ್ಲಿ ಸಾಗಿಸುವ ಏರ್ಪಾಡಿಗೆ ಇಂತಹ ಒಂದು ಸಂಕೇತವನ್ನು ಬಳಸುತ್ತಿತ್ತು. 1943ರಲ್ಲಿ ದೆಹಲಿಯ ಕಚೇರಿಯಲ್ಲಿದ್ದ ವಿಲ್‌ಫ್ರಿಡ್ ನಾಯ್ಸ್ ಎಂಬ ತರುಣನು, ಪ್ರತಿಯೊಂದು ಸಂದೇಶದಲ್ಲಿಯೂ ಮೂರನೆಯ ಗುಂಪಿನ ಮೊದಲ ಅಂಕೆ ಮಾತ್ರ ಅಡ್ಡಾದಿಡ್ಡಿಯಾಗಿಲ್ಲ ಎಂಬುದನ್ನು ಕಂಡನು. ಅಷ್ಟೇ ಬಿರುಕು. ಅವನೂ, ಆಕ್ಸ್‌ಫರ್ಡಿನ ಅಧ್ಯಾಪಕ ಮಾರಿಸ್ ಆಲೆನ್ನನೂ ಸೇರಿ ಆ ಬಿರುಕಿಗೆ ಬೆರಳು ತೂರಿಸಿ ಸಂಕೇತವನ್ನು ಒಡೆದರು. ಜಪಾನೀ ಭೂಸೈನ್ಯದ ಮೇಲುದರ್ಜೆಯ ಸಂಕೇತಗಳಲ್ಲಿ ಮೊದಲು ಮುರಿದದ್ದು ಇದೇ. ಹೆಚ್ಚು ಕಡಿಮೆ ಅದೇ ಸಮಯಕ್ಕೆ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿಯೂ ಅದು ಒಡೆಯಿತು. ಅಲ್ಲಿಯ ಅಮೆರಿಕದ ಪಂಗಡಕ್ಕೆ ಮುಖ್ಯಸ್ಥನಾಗಿದ್ದ ಏಬ್ರಹಾಂ ಸಿಂಕಾವ್ ಒಂದು ಕಾಲಕ್ಕೆ ನ್ಯೂಯಾರ್ಕಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು! ನಾಯ್ಸನು ಆಗಿನ್ನೂ ಮೇಷ್ಟರಾಗಿರಲಿಲ್ಲ. ಕೇಂಬ್ರಿಜ್ಜಿನಲ್ಲಿ ಗ್ರೀಕ್, ಲ್ಯಾಟಿನ್‌ಗಳನ್ನೂ ಆಧುನಿಕ ಭಾಷೆಗಳನ್ನೂ ಓದಿದವನು. ಯುದ್ಧ ಮುಗಿದ ಮೇಲೆ ಪಾಠಶಾಲೆ ಸೇರಿದನು.

ಇಲ್ಲಿಯವರೆಗೆ ಇದು ಬುದ್ಧಿಯ ಆಟ. ಮುಂದೆ ಹಾಗಲ್ಲ. ಹಡಗುಗಳು ಯಾವ ದಿನ ಎಲ್ಲಿರುತ್ತವೆ ಎಂಬುದು ತಿಳಿದರೆ, ಅಲ್ಲಿ ಜಲಾಂತರ್ಗಾಮಿ ಕಾದಿರುತ್ತದೆ. ಹೀಗೆ ಒಡೆದ ಸಂದೇಶಗಳಿಂದ ಸುಳಿವು ಸಿಕ್ಕಿದ ಒಂದು ಹಡಗಿನ ಸಾಲಿನಲ್ಲಿ ಯೋಶಿದಾ ಮಾರು ಎಂಬುದು 1944ರ ಏಪ್ರಿಲ್ 26ರಂದು ಫಿಲಿಪೀನ್ಸಿನ ಲೂಜಾನ್ ದ್ವೀಪದ ಬಳಿ ಮುಳುಗಿತು. ಎರಡು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಅದರಿಂದ ಎದುರು ಪಕ್ಷದಲ್ಲಿ ಎಷ್ಟು ಜನ ಉಳಿದರೆಂದು ಲೆಕ್ಕ ಹೇಳುವವರಿದ್ದಾರೆ; ಆ ಲೆಕ್ಕ ಸುಳ್ಳೆಂದು ನಾವು ಹೇಳಲಾರೆವು. ಆದರೆ ಈ ಕೂಡಿಕೆಯಲ್ಲಿಯೂ ಕೈಯಲ್ಲಿ ಒಂದನ್ನು ಇಟ್ಟುಕೊಳ್ಳದೆ ಬಿಡುವುದು ನಮ್ಮಿಂದಾಗದು.

ಏಕೆಂದರೆ ಇದೇ ನಾಯ್ಸನು ಯುದ್ಧದ ಆರಂಭದಲ್ಲಿ ಆಯುಧ ಹಿಡಿಯಲಾರೆನೆಂದು ಅಂತಃಕರಣದ ಕಾರಣದಿಂದ ನಿರಾಕರಿಸಿ, ಕ್ವೇಕರರು ನಡೆಸುತ್ತಿದ್ದ ಗಾಯಾಳು ಸೇವಾದಳವನ್ನು ಸೇರಿದವನು. ಆಮೇಲೆ ಮನಸ್ಸು ಬದಲಾಯಿಸಿ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಹೊಕ್ಕನು, 1941ರಲ್ಲಿ ಅಧಿಕಾರಿಯಾದನು. ಬಂದೂಕಿನ ಗುರಿಗೆ ಒಬ್ಬನು ಬೀಳುತ್ತಾನೆ. ಪೆನ್ಸಿಲಿನ ಗುರಿಯಲ್ಲಿ ಬಿದ್ದವರ ಮುಖವೇ ಕಾಣುವುದಿಲ್ಲ.

1946ರಿಂದ ಮಾಲ್ವರ್ನ್ ಶಾಲೆಯಲ್ಲಿಯೂ 1950ರಿಂದ ಚಾರ್ಟರ್‌ಹೌಸಿನಲ್ಲಿಯೂ ಅವನು ಹುಡುಗರಿಗೆ ಪಾಠ ಹೇಳಿದನು. 1953ರ ಎವರೆಸ್ಟ್ ಯಾತ್ರೆಯಲ್ಲಿ ಸೌತ್ ಕೋಲ್‌ವರೆಗೆ ಹೋದವನೆಂದು ಲೋಕ ಅವನನ್ನು ಬಲ್ಲದು. 1962ರಲ್ಲಿ ಪಾಮೀರ್ ಪರ್ವತದಲ್ಲಿ ಬಿದ್ದು ತೀರಿಕೊಂಡನು. ಯುದ್ಧಕಾಲದ ಸಂಕೇತ ಭೇದನದ ಕಥೆ ಸಾರ್ವಜನಿಕರಿಗೆ ವಿವರವಾಗಿ ತಿಳಿಯತೊಡಗಿದ್ದು 1974ರಿಂದ ಈಚೆಗೆ. ಹೇಳಬಹುದಾದ ಕಾಲ ಬಂದಾಗ ಹೇಳಲು ಅವನಿರಲಿಲ್ಲ.

ವಾಮಂಜೂರಿನ ಆ ರಾತ್ರಿ ನಾವು ಏಳನೆಯದನ್ನೂ ಮೂವತ್ತನೆಯದನ್ನೂ ಬೇರೆ ತೆಗೆದು ಮೇಜಿನ ತುದಿಯಲ್ಲಿಟ್ಟೆವು. ವರದಿ ಮಾಡಿದರೆ ಇಬ್ಬರಿಗೂ ಒಂದು ವರ್ಷ ಹೋಗುತ್ತದೆ. ಅಂಕೆಗಳಿಂದ ಗುರುತಿಸಿದ ಪತ್ರಿಕೆಗಳು; ಮಕ್ಕಳ ಹೆಸರು ನಮಗೆ ಕಾಣುವಂತಿರಲಿಲ್ಲ. ಮಳೆ ನಿಂತ ಮೇಲೂ ಬಹಳ ಹೊತ್ತು ಎಚ್ಚರವಾಗಿದ್ದು, ಬೆಳಿಗ್ಗೆ ವರದಿ ಬರೆದು ಕಳುಹಿಸಿದೆವು.